ರಂಗದ ಹಿಂದಿನ ಕೆಲಸ ಎಲ್ಲಿ ಕಲಿಯೋದು? ನಿಮ್ಮ ಅನುಭವ ಹೇಳಿ

ದಾವಣಗೆರೆ ಹುಡುಗಿ:
ಬ್ಯಾಂಕಲ್ಲಿ ಕೆಲಸ. ರಜೆ ಸಿಕ್ಕಾಗೆಲ್ಲ ಊರಿನ ಹವ್ಯಾಸಿ ತಂಡದ ಜೊತೆ ಇರುತ್ತೇನೆ. ನಟನೆ ಬೇಡ ನನಗೆ. ಸೆಟ್, ಲೈಟ್, ಪ್ರಾಪರ್ಟಿ, ಸ್ಟೇಜ್ ಮ್ಯಾನೇಜ್‌ಮೆಂಟ್ ಬುಡದಿಂದ ಕಲಿಯಬೇಕು. ಕೆಲಸ ಬಿಟ್ಟು ಕೋರ್ಸಿಗೆ ಸೇರಲಾ, ಅಥವಾ ಕೆಲಸ ಇಟ್ಟುಕೊಂಡೇ ಯಾರದಾದರೂ ಕೈಕೆಳಗೆ ಕಲಿಯಲಾ? ಅಮ್ಮನಿಗೆ ಕೆಲಸ ಬಿಡೋದು ಇಷ್ಟ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾಡುದಾರಿ:
ಕೋರ್ಸಿಗೇ ಹೋಗಿ. ನಾನು ಹೆಗ್ಗೋಡಿನ ನೀನಾಸಂನಲ್ಲಿ ಕಲಿತವನು. 1980ರಿಂದ ನಡೆಯುತ್ತಿರುವ ಶಾಲೆ, ಹೊಸದಾಗಿ ಹೇಳೋದೇನಿಲ್ಲ. ಸಂಜೆ ರಾಜನ ಪಾತ್ರ ಮಾಡುವವನೂ ಬೆಳಿಗ್ಗೆ ಸ್ಟೇಜ್ ಗುಡಿಸಬೇಕು, ರೀಪಿಗೆ ಮೊಳೆ ಹೊಡೆಯಬೇಕು. ಆಮೇಲೆ ತಿರುಗಾಟ. ಸೆಟ್ ಹೊತ್ತುಕೊಂಡು ಊರೂರು ಸುತ್ತಿದಾಗಲೇ ವಿನ್ಯಾಸ ಅಂದರೇನು ಅಂತ ಅರ್ಥ ಆಗೋದು. ಗಾಡಿಗೆ ಹಿಡಿಸದ ಲೆವೆಲ್ (ಸ್ಟೇಜ್ ಮೇಲಿಡುವ ಎತ್ತರದ ಕಟ್ಟೆ) ಎಷ್ಟು ಚೆಂದ ಇದ್ದರೇನು? ನಮ್ಮ ಸಿಂಹಾಸನದ ಬೋಲ್ಟ್ ಬಿಚ್ಚಿದರೆ ನಾಲ್ಕು ಹಲಗೆ. ಅದೇ ಹಲಗೆ ಮುಂದಿನ ದೃಶ್ಯಕ್ಕೆ ದೋಣಿ.

ಖರ್ಚಿನ ವಿಷಯ. ಆ ವರ್ಷ ಸಂಬಳ ಇಲ್ಲ. ಮನೆಗೆ ಕಳಿಸುತ್ತಿದ್ದ ತಿಂಗಳ 8,000 ನಿಂತಿತು. ಅಕ್ಕನ ಬಳೆ 60,000ಕ್ಕೆ ಅಡವಿಟ್ಟೆವು. ಬಿಡಿಸುವಾಗ ಬಡ್ಡಿ ಸೇರಿ 74,000. ಅಕ್ಕ ಈಗಲೂ ನನ್ನ ನಾಟಕಕ್ಕೆ ಬರೋದಿಲ್ಲ. ಆದರೂ ಇವತ್ತು ಮತ್ತೆ ಕೇಳಿದರೂ ಅಲ್ಲಿಗೇ ಹೋಗುತ್ತೇನೆ.

ಹದಿನಾರು ಆಂಪ್:
ಅಕ್ಕನ ಬಳೆ ಅಡವಿಟ್ಟು ಕಲಿಯೋ ವಿದ್ಯೆ ಅಲ್ಲ ಇದು. ನಾನು ಬೆಂಗಳೂರಲ್ಲಿ ಒಬ್ಬ ಹಿರಿಯ ಲೈಟಿನವರ ಹಿಂದೆ ಸುತ್ತಿ ಕಲಿತೆ. ತಿಂಗಳುಗಟ್ಟಲೆ ಬರೀ ಕೇಬಲ್ ಸುತ್ತಿಸಿದರು. ಮೊಣಕೈಗೆ ಸುತ್ತಿದರೆ ಬೈಗುಳ, ಒಳಗೆ ತಂತಿ ತಿರುಚಿಕೊಳ್ಳುತ್ತೆ ಅಂತ.

ಸಾವಿರ ವಾಟಿನ ಒಂದು ಪಿ.ಸಿ. ಸ್ಪಾಟ್‌ಲೈಟ್ 230 ವೋಲ್ಟಿನಲ್ಲಿ ನಾಲ್ಕೂ ಚಿಲ್ಲರೆ ಆಂಪ್ ಎಳೆಯುತ್ತೆ. 16 ಆಂಪ್ ಸಾಕೆಟ್ಟಿಗೆ ಮೂರು ದೀಪ, ಅಷ್ಟೇ. ಒಂದು ತಾಲ್ಲೂಕು ಕೇಂದ್ರದ ಕಾಲೇಜಲ್ಲಿ ಬೇಡ ಬೇಡ ಅಂದರೂ ಸಂಘಟಕರು ಒಂದೇ ಸಾಕೆಟ್ಟಿಗೆ ಆರು ಹಾಕಿಸಿದರು. ಲೋಡ್ ಜಾಸ್ತಿಯಾಗಿ ಎಂ.ಸಿ.ಬಿ. ಸ್ವಿಚ್ ತಾನಾಗೇ ಬಿತ್ತು. ಎತ್ತಿದರು, ಮತ್ತೆ ಬಿತ್ತು. ಮೂರನೇ ಬೆಲ್ ಆಗಿ ಇಪ್ಪತ್ತು ನಿಮಿಷ ಕತ್ತಲು. ಜನರೇಟರ್ ಬಾಡಿಗೆ 4,500, ಡೀಸೆಲ್ 2,000, ಎರಡು ಬಲ್ಬ್ 1,400, ಬೆಳಕು ಏರಿಸಿ ಇಳಿಸುವ ಡಿಮ್ಮರಿನ ರಿಪೇರಿ 3,200. ಒಟ್ಟು 11,100. ನನಗೆ ಕೊಟ್ಟಿದ್ದು 9,000. ಜನರೇಟರ್ ನೀವೇ ತರಿಸಿದ್ದು ಅಂದುಬಿಟ್ಟರು! ಇದನ್ನು ಯಾವ ಕೋರ್ಸಲ್ಲಿ ಹೇಳಿಕೊಡುತ್ತಾರೆ?

ನೀಲಿಜೆಲ್:
ಇನ್ನೂ ಹಾಲೋಜನ್ನಾ ಸಾರ್? ಎಲ್‌ಇಡಿ ಪಾರ್ ದೀಪ ತಗೊಳ್ಳಿ. ಆರಲ್ಲ, ಹನ್ನೆರಡು ಹಾಕಿದರೂ ಎಂ.ಸಿ.ಬಿ. ಮಿಸುಕಾಡಲ್ಲ. ದೀಪಕ್ಕೆ ಬಣ್ಣ ಕೊಡೋ ಜೆಲ್ ಪೇಪರ್ ಖರ್ಚೂ ಉಳೀತು.

ಹದಿನಾರು ಆಂಪ್:
ಸಾವು ಸೀನಲ್ಲಿ ನಿಧಾನಕ್ಕೆ ಫೇಡ್ ಮಾಡಿ ನೋಡಪ್ಪ. ಹಾಲೋಜನ್ ಕೆಂಪಗಾಗುತ್ತಾ ಆರುತ್ತೆ. ನಿನ್ನ ಅಗ್ಗದ ಎಲ್‌ಇಡಿ ಕೊನೆಗೆ ಬರುವಾಗ ಜಿಗಿದು ಜಿಗಿದು ಪಟ್ ಅಂತ ಆರುತ್ತೆ. ಮೇಲಿಂದ ಫ್ಯಾನ್ ಸದ್ದು. ಮದುವೆ ಆರ್ಕೆಸ್ಟ್ರಾಗೆ ಸರಿ.

ನೀಲಿಜೆಲ್:
ಮದುವೆ ಆರ್ಕೆಸ್ಟ್ರಾದವರು ಅವತ್ತಿನ ದುಡ್ಡು ಅವತ್ತೇ ಕೊಡುತ್ತಾರೆ. ನಿಮ್ಮ ರಂಗಭೂಮಿ ಕೊಡುತ್ತಾ?

ಕಂಪನಿ ಮಗಳು:
ನಮ್ಮಪ್ಪ ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದರು. ಜಾತ್ರೆ ಕ್ಯಾಂಪುಗಳಲ್ಲೇ ನಾನು ಬೆಳೆದಿದ್ದು. ಕೋರ್ಸೂ ಇಲ್ಲ, ಗುರುವೂ ಇಲ್ಲ. ಬಣ್ಣದ ಪುಡಿಗೆ ಸರೇಸು (ಬಡಗಿಗಳ ಅಂಟು) ಎಷ್ಟು ಹಾಕಬೇಕು ಅಂತ ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದೆ. ಕಮ್ಮಿ ಆದರೆ ಪರದೆ ಸುತ್ತುವಾಗ ಬಣ್ಣ ಪುಡಿ ಪುಡಿ ಉದುರುತ್ತೆ. ಜಾಸ್ತಿ ಆದರೆ ಬಿರುಕು ಬಿಡುತ್ತೆ. ಅಪ್ಪನ ದರ್ಬಾರ್ ಪರದೆಯ ಕಂಬಗಳು ಹಿಂದಿನ ಸಾಲಿನಿಂದ ನೋಡಿದರೂ ಒಳಗೆ ನಡೆದುಹೋಗಬಹುದು ಅನ್ನಿಸುತ್ತಿತ್ತು. ಕಂಪನಿ ಮುಚ್ಚಿದಾಗ ಮೂರು ತಿಂಗಳ ಸಂಬಳ ಬಾಕಿ. ಅದರ ಬದಲು ಪರದೆ ತಗೊಂಡು ಹೋಗಿ ಅಂದರು. ಬಾಡಿಗೆ ಮನೆಯಲ್ಲಿ ಇಪ್ಪತ್ತಡಿ ಪರದೆ ಎಲ್ಲಿಡೋದು? ಒಂದು ಮಳೆಗಾಲಕ್ಕೆ ಗೆದ್ದಲು ತಿಂದಿತು.

ಕಾಡುದಾರಿ:
ಬೇಜಾರಾಗಬೇಡಿ. ಅದು ಸೀನರಿ, ವಿನ್ಯಾಸ ಅಲ್ಲ. ಯಾವ ನಾಟಕಕ್ಕೂ ಅದೇ ಕಾಡು, ಅದೇ ಅರಮನೆ.

ಕಂಪನಿ ಮಗಳು:
ಬೇಜಾರು ಮಾಡೋ ಮಾತಾಡಿ ಬೇಜಾರಾಗಬೇಡಿ ಅಂದರೆ ಹೇಗೆ? ಮುಂದೆ ಬೀದಿ ಸೀನ್ ಪರದೆ ಇಳಿಸಿ, ಅದರೆದುರು ಹಾಸ್ಯದವರನ್ನು ಬಿಟ್ಟು, ಅವರು ನಗಿಸುತ್ತಿರುವಾಗಲೇ ಹಿಂದೆ ಸದ್ದಿಲ್ಲದೆ ಇಡೀ ದರ್ಬಾರು ಜೋಡಿಸುತ್ತಿದ್ದರು. ಜನಕ್ಕೆ ಒಂದು ನಿಮಿಷ ಖಾಲಿ ಸ್ಟೇಜ್ ತೋರಿಸಿದವರಲ್ಲ. ಅದು ವಿನ್ಯಾಸ ಅಲ್ವಾ? ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಯನ್ನೇ ಸ್ಟೇಜಿಗೆ ತಂದರು. ಆನೆ ನಿಲ್ಲುವ ಹಲಗೆ ಹಾಕಿ ತೋರಿಸಿ, ಆಮೇಲೆ ಮಾತಾಡೋಣ.

ಕಾಡುದಾರಿ:
ಆನೆ ತರೋದು ದೊಡ್ಡದಲ್ಲ. ಆನೆ ಇಲ್ಲದೆ ಆನೆ ತೋರಿಸೋದು ಕಲೆ.

ಹದಿನಾರು ಆಂಪ್:
ಆನೆಗೆ ಲೈಟ್ ಯಾರು ಮಾಡಿದ್ದು, ಅದನ್ನು ಮಾತ್ರ ಯಾರೂ ಕೇಳಲ್ಲ.

ದಾವಣಗೆರೆ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನಾನು ಕೇಳಿದ್ದು ಬ್ಯಾಂಕ್ ಕೆಲಸ ಬಿಡಬೇಕಾ ಅಂತ…

ಪ್ರಾಂಪ್ಟ್ ಬುಕ್:
ಬಿಡಬೇಡಿ. ನಾನು ಶಾಲೆ ಟೀಚರು, ಸಂಜೆ ಹೊತ್ತಲ್ಲಿ ಸ್ಟೇಜ್ ಮ್ಯಾನೇಜರ್. ಇವರೆಲ್ಲ ದೀಪ, ಪರದೆ ಅಂತ ಜಗಳ ಆಡುತ್ತಿದ್ದಾರೆ. ದೀಪ ಯಾವ ಮಾತಿಗೆ ಆರಬೇಕು, ಪರದೆ ಯಾವ ಹೆಜ್ಜೆಗೆ ಬೀಳಬೇಕು ಅಂತ ಬರೆದಿಟ್ಟುಕೊಂಡು ಕೂತಿರುವವಳು ನಾನು. ಸ್ಕ್ರಿಪ್ಟಿನ ಬಲಗಡೆ ಪುಟ ಖಾಲಿ ಬಿಟ್ಟು ಕಟ್ಟಿಸುತ್ತೇನೆ. ಈ ಸೂಚನೆಗಳನ್ನು, ಅಂದರೆ ಕ್ಯೂಗಳನ್ನು, ಪೆನ್ಸಿಲಲ್ಲಿ ಮಾತ್ರ ಬರೆಯೋದು, ಯಾಕೆಂದರೆ ನಿರ್ದೇಶಕರು ಷೋ ದಿನವೂ ಬದಲಾಯಿಸುತ್ತಾರೆ. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಟೈಮ್ ಅಂದರೆ ಟೈಮ್. ತಡವಾಗಿ ಬಂದವರನ್ನು ಒಳಗೆ ಬಿಡಲ್ಲ, ನಾವೂ ತಡ ಮಾಡೋ ಹಾಗಿಲ್ಲ. ಜನ ಮೂರು ಕಡೆ ಕೂರುತ್ತಾರೆ, ಜನ ಎದುರಿಗೆ ಮಾತ್ರ ಕೂರುವ ರವೀಂದ್ರ ಕಲಾಕ್ಷೇತ್ರಕ್ಕೆ ಮಾಡಿದ ಸೆಟ್ ತಂದು ಹಾಗೇ ಇಟ್ಟರೆ ಪಕ್ಕದವರಿಗೆ ಫ್ಲಾಟಿನ (ಗೋಡೆಯಂತೆ ನಿಲ್ಲಿಸುವ ಚೌಕಟ್ಟಿನ) ಬೆನ್ನು ಕಾಣುತ್ತೆ. ಇದನ್ನು ಒಂದು ತಂಡಕ್ಕೆ ಟೇಪ್ ಹಿಡಿದು ಅಳೆದು ತೋರಿಸಿದ್ದೆ. ಅವರ ನಾಟಕದ ಆಹ್ವಾನ ಪತ್ರಿಕೆಯಲ್ಲಿ ಉಪಾಹಾರ ಕೊಟ್ಟವರ ಹೆಸರಿತ್ತು. ನನ್ನ ಹೆಸರಿರಲಿಲ್ಲ. ಮೇಕಪ್ಪಿನವರ ಹೆಸರು ತಪ್ಪಾಗಿ ಆದರೂ ಇತ್ತು.

ನೀಲಿಜೆಲ್:
ಟೀಚರ್ ಕೆಲಸ ಇರೋರಿಗೆ ಹೆಸರಿನ ಚಿಂತೆ. ನಮಗೆ ದುಡ್ಡಿನದು.

ಪ್ರಾಂಪ್ಟ್ ಬುಕ್:
ದುಡ್ಡೂ ಕೊಟ್ಟಿಲ್ಲ ಮಾರಾಯ, ಆಟೋಗೆ 380 ನಾನೇ ಹಾಕಿದ್ದೆ.

ಹೆಸರು ಬೇಡ:
ಪೂರ್ತಿ ವಿನ್ಯಾಸವೇ ಹಿಡಿಯಬೇಕು ಅಂದರೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಇದೆ, ಮೂರು ವರ್ಷ. ನನಗೆ ಸಂದರ್ಶನದಲ್ಲಿ ಹೋಯಿತು. ಅದರ ಬಗ್ಗೆ ಕೇಳಬೇಡಿ.

ದಾವಣಗೆರೆ ಹುಡುಗಿ:
ಸರಿ, ಸದ್ಯ ನಮ್ಮ ತಂಡದಲ್ಲೇ ಒಂದು ಪರದೆ ಮಾಡಿ ನೋಡುತ್ತೇನೆ. ಸರೇಸು ಎಲ್ಲಿ ಸಿಗುತ್ತೆ ಮೇಡಂ?

ಕಂಪನಿ ಮಗಳು:
ಮೇಡಂ ಬೇಡ, ಅಕ್ಕ ಅನ್ನಮ್ಮ. ಬಡಗಿಗಳು ಸಾಮಾನು ತಗೊಳ್ಳೋ ಅಂಗಡಿಯಲ್ಲಿ ಕೇಳು. ರಾತ್ರಿಯಿಡೀ ನೀರಲ್ಲಿ ನೆನೆಹಾಕು. ನೇರ ಒಲೆ ಮೇಲೆ ಇಡಬೇಡ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸು. ಕೆಟ್ಟ ವಾಸನೆ ಬರುತ್ತೆ, ಅಮ್ಮನಿಗೆ ಮೊದಲೇ ಹೇಳಿಡು.

ಕಾಡುದಾರಿ:
ಅಷ್ಟೆಲ್ಲ ಯಾಕೆ? ಡಿಸ್ಟೆಂಪರಿಗೆ ಒಂದಿಷ್ಟು ಫೆವಿಕಾಲ್ ಬೆರೆಸಿದರೆ ಆಯ್ತು.

ಕಂಪನಿ ಮಗಳು:
ಫ್ಲಾಟಿಗೆ ಆಗುತ್ತೆ. ಸುತ್ತಿಡೋ ಪರದೆಗೆ ಹಚ್ಚಿ, ಬೇಸಿಗೆಯಲ್ಲಿ ಬಿಚ್ಚಿ ನೋಡಿ. ಸುರುಳಿಗೆ ಸುರುಳಿ ಅಂಟಿಕೊಂಡಿರುತ್ತೆ. ಆಮೇಲೆ ವಿನ್ಯಾಸದ ಪಾಠ ಮಾಡಿ.