ಎಸ್‌ಪಿಆರ್ ಚಿಪ್: ಆಂಟಿಬಾಡಿ ಕೂತಿದೆ, ಪಿಎಸ್‌ಎ ಮಾತ್ರ ಹಿಡಿಯುತ್ತಿಲ್ಲ

ಮೊದಲಚಿಪ್:
ಮೂರು ವಾರದಿಂದ ಎಸ್‌ಪಿಆರ್ (ಚಿನ್ನದ ತೆಳು ಪದರಕ್ಕೆ ಏನಾದರೂ ಅಂಟಿದರೆ ಬೆಳಕಿನ ಪ್ರತಿಫಲನದಲ್ಲಿ ಗುರುತಿಸುವ ವಿಧಾನ) ಚಿಪ್ ಜೊತೆ ಇದೇ ಗೋಳು. ಆಂಟಿಬಾಡಿ ಹರಿಸಿದಾಗ ಡಿಪ್ (ಒಂದು ಕೋನದಲ್ಲಿ ಪ್ರತಿಫಲನ ಕುಸಿಯುವ ತಗ್ಗು) 0.2 ಡಿಗ್ರಿ ಸರಿಯುತ್ತದೆ, ತೊಳೆದರೂ ಅಲ್ಲೇ ನಿಲ್ಲುತ್ತದೆ. ಅಂದ್ರೆ ಕೂತಿದೆ ಅಲ್ವಾ? ಆಮೇಲೆ ಅದು ಹಿಡಿಯಬೇಕಾದ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್) ಬಿಟ್ಟರೆ ಸಿಗ್ನಲ್ ಗೆರೆ ಅಲ್ಲಾಡುವುದೇ ಇಲ್ಲ. ಪ್ರಾಸ್ಟೇಟ್ ತಪಾಸಣೆಯಲ್ಲಿ ಮಿ.ಲೀ.ಗೆ 4 ನ್ಯಾನೋಗ್ರಾಂ ದಾಟಿದರೆ ಎಚ್ಚರ ಅನ್ನುತ್ತಾರೆ. ನನ್ನ ಚಿಪ್‌ಗೆ 1000 ಕೂಡ ಕಾಣುತ್ತಿಲ್ಲ! ಉಳಿದಿದ್ದೆಲ್ಲ ಮಾಮೂಲಿ ಕ್ರಮವೇ.

ಲೇಸರ್633:
ತಾಪಮಾನ. 1 ಡಿಗ್ರಿ ಏರಿದರೆ ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 0.0001 ಇಳಿಯುತ್ತದೆ. ಅದರಲ್ಲೇ ನಿಮ್ಮ ಸಿಗ್ನಲ್ ಮುಳುಗಿದೆ. ಪೆಲ್ಟಿಯರ್ (ತಾಪಮಾನ ಸ್ಥಿರವಾಗಿಡುವ ಸಾಧನ) ಹಾಕಿ.

ಮೊದಲಚಿಪ್:
ಬೇಸ್‌ಲೈನ್ (ಸ್ಯಾಂಪಲ್ ಬಿಡುವ ಮುಂಚಿನ ಗೆರೆ) ಒಂದು ಗಂಟೆ ನೆಟ್ಟಗಿತ್ತು ಸರ್.

ಚಿನ್ನದಪದರ:
ಚಿನ್ನ ಎಷ್ಟು ದಪ್ಪ? ಕೆಳಗೆ ಕ್ರೋಮಿಯಂ ಎಷ್ಟು? 50 ನ್ಯಾನೋಮೀಟರ್ ದಾಟಿದರೆ ಡಿಪ್ ಆಳ ಕಮ್ಮಿಯಾಗುತ್ತಾ ಹೋಗುತ್ತದೆ. ನಾನು 47 ಹಾಕುತ್ತೇನೆ, ಪ್ರತಿಫಲನ ಸೊನ್ನೆ ಹತ್ತಿರ ಬರುತ್ತದೆ.

ಲೇಸರ್633:
47, 50 ಅಂತ ಸುಮ್ನೆ ಎಳೀಬೇಡಿ. ನನ್ನದು 50, ಜೊತೆಗೆ ರೆಫರೆನ್ಸ್ ಚಾನೆಲ್, ಎರಡು ಪೆಲ್ಟಿಯರ್. ಡ್ರಿಫ್ಟ್ ಅನ್ನೋದೇ ಇಲ್ಲ.

ಬಫರ್‌ಬಾಟಲಿ:
ಮೊದಲಚಿಪ್ ಅವರೇ, ಆಂಟಿಬಾಡಿ ಟ್ಯೂಬಿನ ಲೇಬಲ್ ಮೇಲೆ ಏನಿದೆ? ಪೂರ್ತಿ ಬರೆಯಿರಿ.

ಮೊದಲಚಿಪ್:
ಟ್ರಿಸ್ (ಬಫರ್), ಸೋಡಿಯಂ ಅಜೈಡ್, 1% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್). ಅಸಿಟೇಟ್ ಬಫರ್‌ನಲ್ಲಿ ತೆಳು ಮಾಡಿ ನೇರ ಹರಿಸಿದೆ. ಅದು ಮುಖ್ಯವಾ?

ಬಫರ್‌ಬಾಟಲಿ:
ಅದೇ ಮುಖ್ಯ. 1% ಅಂದ್ರೆ ಮಿ.ಲೀ.ಗೆ 10 ಮಿಲಿಗ್ರಾಂ. ಆಂಟಿಬಾಡಿ ಸಾಮಾನ್ಯವಾಗಿ 1 ಮಿಲಿಗ್ರಾಂ ಇದ್ದರೆ ಹೆಚ್ಚು. ಇಡಿಸಿ-ಎನ್‌ಎಚ್‌ಎಸ್ (ಪ್ರೋಟೀನಿನ ಅಮೈನ್ ಗುಂಪು ಚಿಪ್‌ಗೆ ಅಂಟುವಂತೆ ಮಾಡುವ ರಾಸಾಯನಿಕಗಳು) ಎಬ್ಬಿಸಿದ ಜಾಗವನ್ನೆಲ್ಲ ಬಿಎಸ್‌ಎ ಹಿಡಿದುಕೊಂಡಿದೆ. ನೀವು ಕಂಡ 0.2 ಡಿಗ್ರಿಯಲ್ಲಿ ಬಹುಪಾಲು ಅದರದ್ದೇ. ಟ್ರಿಸ್‌ನಲ್ಲೂ ಅಮೈನ್ ಇದೆ, ಅದೂ ಅಲ್ಲೇ ಅಂಟಿಕೊಳ್ಳುತ್ತದೆ.

ಚಿನ್ನದಪದರ:
ಡೀಸಾಲ್ಟಿಂಗ್ ಕಾಲಮ್‌ನಲ್ಲಿ (ಚಿಕ್ಕ ಅಣುಗಳನ್ನು ಬೇರ್ಪಡಿಸುವ ಕೊಳವೆ) ಒಮ್ಮೆ ಇಳಿಸಿದರೆ ಸಾಕಲ್ವಾ?

ಬಫರ್‌ಬಾಟಲಿ:
ಟ್ರಿಸ್, ಅಜೈಡ್ ಹೋಗುತ್ತವೆ. ಬಿಎಸ್‌ಎ ಹೋಗಲ್ಲ, ಅದು 66 ಕಿಲೋಡಾಲ್ಟನ್ (ಅಣುತೂಕದ ಅಳತೆ), ಆಂಟಿಬಾಡಿ ಜೊತೆಗೇ ಇಳಿದು ಬರುತ್ತದೆ. ಬಿಎಸ್‌ಎ ಇಲ್ಲದ ಟ್ಯೂಬೇ ತರಿಸಿ. ಇನ್ನೊಂದು: ಪಿಎಸ್‌ಎ ಬರೀ 30 ಕಿಲೋಡಾಲ್ಟನ್ ಆಸುಪಾಸು. 4ರ ಮಟ್ಟಕ್ಕೆ ಇಳಿಯಬೇಕಾದರೆ ಅದರ ಮೇಲೆ ಎರಡನೇ ಆಂಟಿಬಾಡಿ ಕೂರಿಸಿ, 150 ಕಿಲೋಡಾಲ್ಟನ್ ಭಾರ ಸೇರಿದರೆ ಗೆರೆ ಏಳುತ್ತದೆ.

ಲೇಸರ್633:
ಏನೇ ಹೇಳಿ, ಪೆಲ್ಟಿಯರ್ ಇಲ್ಲದೆ 4 ಕಾಣಲ್ಲ.

ಮೊದಲಚಿಪ್:
ಲೇಬಲ್ ಓದಿದ್ದೆ, ಬಿಎಸ್‌ಎ ಬರೀ ಕೆಡದಂತೆ ಕಾಯಲು ಅಂದುಕೊಂಡಿದ್ದೆ. ಹೊಸ ಟ್ಯೂಬ್ ಬರಲಿ, ಅದರ ಗೆರೆ ಇಲ್ಲಿ ಹಾಕುತ್ತೇನೆ.