ಕ್ಷುದ್ರಗ್ರಹ ಪಟ್ಟಿಯ ಧೂಮಕೇತುಗಳಲ್ಲಿ ಹಿಮ ಇನ್ನೂ ಉಳಿದಿರುವುದು ಹೇಗೆ?

ಪ್ರಶ್ನೆ: ಭೌತಶಾಸ್ತ್ರ ಅಧ್ಯಾಪಕಿ, ಉಡುಪಿ
ಮಂಗಳ ಮತ್ತು ಗುರುಗ್ರಹಗಳ ನಡುವಣ ಪಟ್ಟಿಯಲ್ಲೇ ಸುತ್ತುತ್ತ ಆಗಾಗ ಬಾಲ ಬಿಡುವ ಕಾಯಗಳ ಬಗ್ಗೆ ಪಿಯುಸಿ ತರಗತಿಯಲ್ಲಿ ಹೇಳುತ್ತಿದ್ದಾಗ, "450 ಕೋಟಿ ವರ್ಷ ಬಿಸಿಲು ಬಿದ್ದರೂ ಐಸ್ ಮುಗಿಯಲಿಲ್ಲವೇ ಮೇಡಂ?" ಎಂದು ಒಬ್ಬ ಹುಡುಗ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಅಲ್ಲದೆ, ದೂರದರ್ಶಕದಲ್ಲಿ ಬರೇ ಚುಕ್ಕಿಯಾಗಿ ಕಾಣುವ ಇಂಥ ಕಾಯದ ಗಾತ್ರ, ಭ್ರಮಣಗಳನ್ನು ಅಳೆಯುವ ಕ್ರಮ ಯಾವುದು?

ಉತ್ತರ 1: ಹವ್ಯಾಸಿ ವೀಕ್ಷಕ, ಮಂಗಳೂರು
ಮೇಡಂ, ಹಿಂದೆ ಐಸ್ ದಿಮ್ಮಿಗಳನ್ನು ಮರದ ಹುಡಿಯಲ್ಲಿ ಮುಚ್ಚಿಡುತ್ತಿದ್ದುದನ್ನು ತಾವು ನೋಡಿರಬಹುದು. ಮಲ್ಪೆಯ ಮಧ್ಯಾಹ್ನದ ಬಿಸಿಲಿಗೂ ಒಳಗಿನದು ಬೇಗ ಕರಗುವುದಿಲ್ಲ. ಅಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಮೇಲ್ಮೈಯ ಹಿಮ ಎಂದೋ ಆವಿಯಾಗಿ ಹೋಗಿ, ಅದು ಬಿಟ್ಟ ಧೂಳೇ ಹೊದಿಕೆಯಾಗಿ ಒಳಗಿನದನ್ನು ಕಾಯುತ್ತದೆ. ಸಣ್ಣ ಬಂಡೆಯೊಂದು ಬಡಿದು ಹೊದಿಕೆ ಹರಿದರೆ ಹಿಮ ಬಿಸಿಲಿಗೆ ಬೀಳುತ್ತದೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ.

ಅಳತೆಗೆ 133ಪಿ/ಎಲ್ಸ್ಟ್-ಪಿಸಾರೊ ಒಳ್ಳೆಯ ಉದಾಹರಣೆ. 1979ರಲ್ಲಿ ಕ್ಷುದ್ರಗ್ರಹವೆಂದೇ ದಾಖಲಾದ ಇದಕ್ಕೆ 1996ರಲ್ಲಿ ಬಾಲ ಕಂಡಿತು. ಬಾಲ ಅಡಗಿದ ಮೇಲೆ ಅದರ ಬೆಳಕಿನ ಏರಿಳಿತವನ್ನು ಗಮನಿಸಿ, ಅದು ಸುಮಾರು 3 ಗಂಟೆ 28 ನಿಮಿಷಕ್ಕೊಮ್ಮೆ ತಿರುಗುತ್ತದೆ ಎಂದು ಕಂಡುಕೊಂಡರು. ಗಾತ್ರ ಮಾತ್ರ ಅಷ್ಟು ಸುಲಭವಲ್ಲ: ಚಿಕ್ಕದಾದ ಬಿಳಿ ಕಾಯವೂ ದೊಡ್ಡದಾದ ಕಪ್ಪು ಕಾಯವೂ ಕಣ್ಣಿಗೆ ಒಂದೇ ಹೊಳಪಿನವು. ಕಪ್ಪು ಕಾಯ ಹೆಚ್ಚು ಬಿಸಿಯಾಗುವುದರಿಂದ, ಅದು ಸೂಸುವ ಅವಕೆಂಪು ಬೆಳಕನ್ನೂ ಅಳೆದು ಗಂಟು ಬಿಡಿಸುತ್ತಾರೆ. ಹಾಗೆ ಸಿಕ್ಕ ವ್ಯಾಸ ಸುಮಾರು 4 ಕಿಲೋಮೀಟರ್. ಬಿದ್ದ ಬೆಳಕಿನಲ್ಲಿ ಅದು ಪ್ರತಿಫಲಿಸುವುದು ಶೇ. 5ರಷ್ಟು, ಎಂದರೆ ಇದ್ದಿಲಿನಷ್ಟು ಕಪ್ಪು.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಮಣಿಪಾಲ
ಬಾಲ ಕಂಡ ಮಾತ್ರಕ್ಕೆ ಹಿಮವೆನ್ನಬಾರದು. 2010ರಲ್ಲಿ ಶೀಲಾ ಎಂಬ ಕ್ಷುದ್ರಗ್ರಹಕ್ಕೆ ಇನ್ನೊಂದು ಕಾಯ ಬಡಿದು ಧೂಳೆದ್ದಿತು. ಅದಕ್ಕೆ ಹಿಮ ಬೇಕಿರಲಿಲ್ಲ. 133ಪಿ ಮಾತ್ರ 2002ರಲ್ಲೂ 2007ರಲ್ಲೂ, ಸೂರ್ಯನಿಗೆ ಹತ್ತಿರದ ಬಿಂದುವಿನ ಆಸುಪಾಸಿನಲ್ಲೇ ಮತ್ತೆ ಬಾಲ ಬಿಟ್ಟಿತು. ಸುಮಾರು 5.6 ವರ್ಷಕ್ಕೊಮ್ಮೆ ಹೇಳಿ ಕಳಿಸಿದಂತೆ ಬಂದು ಬಡಿಯುವ ಬಂಡೆ ಎಲ್ಲಿದೆ? ಆದರೂ ಇದು ಪರೋಕ್ಷ ಸಾಕ್ಷ್ಯವೇ. ನೀರಿನ ಆವಿಯನ್ನೇ ನೇರವಾಗಿ ತೋರಿಸಿದ್ದು ಜೇಮ್ಸ್ ವೆಬ್ ದೂರದರ್ಶಕ, ಅದೂ ಇದೇ ಪಟ್ಟಿಯ 238ಪಿ/ರೀಡ್‌ನಲ್ಲಿ. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸಾಮಾನ್ಯ ಧೂಮಕೇತುಗಳಲ್ಲಿ ಸಿಗುವ ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಕಾಣಲಿಲ್ಲವೆಂಬುದೇ ನನಗೆ ಹೆಚ್ಚು ಕುತೂಹಲದ ಸಂಗತಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಸೋಮವಾರ ತರಗತಿಯಲ್ಲಿ ಐಸ್ ಮತ್ತು ಮರದ ಹುಡಿಯ ಪ್ರಯೋಗವನ್ನೇ ಮಾಡಿಸುತ್ತೇನೆ.

ಉತ್ತರ 1 ಬರೆದವರು:
ಮಾಡಿಸಿ ಮೇಡಂ. ಒಂದು ವ್ಯತ್ಯಾಸವನ್ನು ಮಾತ್ರ ಮಕ್ಕಳಿಗೆ ಹೇಳಿ: ಮರದ ಹುಡಿಯ ಸಂದುಗಳಲ್ಲಿ ಗಾಳಿ ಇರುತ್ತದೆ, ಅಲ್ಲಿನ ಧೂಳಿನಲ್ಲಿ ಅದೂ ಇಲ್ಲ. ಬಹುಮಟ್ಟಿಗೆ ಕಣಗಳು ಒಂದನ್ನೊಂದು ಮುಟ್ಟುವ ಬಿಂದುಗಳಿಂದಲೇ ಶಾಖ ದಾಟಬೇಕಾದ್ದರಿಂದ ಅಲ್ಲಿನ ಹೊದಿಕೆ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿ ಶಾಖ ತಡೆಯುತ್ತದೆ.