ಹಳೇ ಸುಟ್ಟ ಕಲೆಯಲ್ಲಿ ಹುಣ್ಣು, ಬಯಾಪ್ಸಿ ನೆಗೆಟಿವ್: ನಂಬಬಹುದಾ?

ಡ್ರೆಸ್ಸಿಂಗ್‌ರೂಮ್, ಡೊಂಬಿವಲಿ:
ಪೇಷಂಟಿಗೆ 55 ವರ್ಷ. ಚಿಕ್ಕಂದಿನಲ್ಲಿ ಮೊಣಕಾಲ ಹಿಂದೆ ಸುಟ್ಟಿದೆ, ಚರ್ಮ ಕಸಿ ಮಾಡಿಸಿಲ್ಲ, ತಾನಾಗೇ ಮಾಯ್ದ ಗಾಯ. ಅದೇ ಕಲೆ ಬಿರಿದು ನಾಲ್ಕು ತಿಂಗಳಿಂದ ಹುಣ್ಣು. ಒಂದು ಕಡೆ ಅಂಚು ದಪ್ಪಗಾಗಿ ಹೊರಕ್ಕೆ ಮಗುಚಿದೆ, ಮುಟ್ಟಿದರೆ ರಕ್ತ, ಕೆಟ್ಟ ವಾಸನೆ. ಬಯಾಪ್ಸಿಯಲ್ಲಿ (ಚೂರು ತೆಗೆದು ನೋಡೋ ಪರೀಕ್ಷೆ) ‘ಉರಿಯೂತ ಮಾತ್ರ’ ಅಂತ ಬಂದಿದೆ. ತೊಡೆಸಂದಿನಲ್ಲಿ ಗಂಟೂ ಸಿಗ್ತಿದೆ. ಸೋಂಕಿನದೇ ಇರಬಹುದಾ?

ಸರ್ಜರಿ, ಪುಣೆ:
ಆ ರಿಪೋರ್ಟ್ ನಂಬಿ ಕೂರಬೇಡಿ. ನೀವು ಹೇಳ್ತಿರೋದು ಮಾರ್ಜೋಲಿನ್ ಹುಣ್ಣಿನದೇ ಚಿತ್ರ, ಅಂದರೆ ಹಳೇ ಕಲೆಯಲ್ಲಿ ಹುಟ್ಟೋ ಕ್ಯಾನ್ಸರ್. ಬಹುತೇಕ ಸ್ಕ್ವಾಮಸ್ ಸೆಲ್ ಅನ್ನೋ ಚರ್ಮದ ಕ್ಯಾನ್ಸರ್. ಸುಟ್ಟು ದಶಕಗಳಾದ ಮೇಲೆ ಬರೋದೇ ಹೆಚ್ಚು. ಕಸಿ ಇಲ್ಲದೆ ಮಾಯ್ದ ಕಲೆ, ಅದೂ ಕೀಲಿನ ಮೇಲೆ: ಮಡಚಿದಾಗೆಲ್ಲ ಬಿರಿಯುತ್ತೆ, ಮಾಯುತ್ತೆ, ಮತ್ತೆ ಬಿರಿಯುತ್ತೆ.

ಮೊದಲು ಕೇಳಿ, ಚೂರು ತೆಗೆದದ್ದು ಎಲ್ಲಿಂದ? ನಡುವಿನಿಂದ ತೆಗೆದರೆ ಸಿಗೋದು ಕೊಳೆತ ಅಂಗಾಂಶ, ಕೀವು ಅಷ್ಟೇ. ಮಗುಚಿದ ಅಂಚಿನಿಂದ, ಪಕ್ಕದ ಕಲೆಯೂ ಸೇರುವ ಹಾಗೆ, ಬೇರೆಬೇರೆ ಮೂರು-ನಾಲ್ಕು ಕಡೆ ತೆಗೆಸಿ, ತಳದಿಂದಲೂ ಒಂದು. ಉಬ್ಬಿದ ಮಾಂಸ ಅಂತ ಸಿಲ್ವರ್ ನೈಟ್ರೇಟ್ ಹಚ್ಚಿ ಸುಡಬೇಡಿ, ಬಯಾಪ್ಸಿನೇ ಕೆಡುತ್ತೆ. ಕೀವಿನ ಸ್ವಾಬ್ ಕ್ಯಾನ್ಸರ್ ಹೇಳಲ್ಲ.

ಪೆಥಾಲಜಿ, ಪರೇಲ್:
ಆಳ ಬೇಕು. ಮೇಲ್ಮೇಲೆ ಕೆರೆದ ಚೂರಿನಲ್ಲಿ ಹುಣ್ಣಿನಂಚಿನ ಮಾಮೂಲಿ ಚರ್ಮವೂ ಕ್ಯಾನ್ಸರಿನಂತೆ ಬೆಳೆದು ಕಾಣುತ್ತೆ. ಒಳಕ್ಕೆ ನುಗ್ಗಿದೆಯೋ ಇಲ್ಲವೋ ಹೇಳಕ್ಕಾಗಲ್ಲ. ಕೊಬ್ಬಿನ ಪದರದವರೆಗೂ ಹೋಗುವ ಬೆಣೆಯಾಕಾರದ ಚೂರಾದರೆ ನಿಶ್ಚಿಂತೆ. ಚೂರು ಕೆಡದಂತೆ 10% ಫಾರ್ಮಲಿನ್ ದ್ರವದಲ್ಲಿ ಹಾಕಿ, ದ್ರವ ಚೂರಿನ ಹತ್ತು ಪಟ್ಟು ಇರಲಿ. ಪ್ರತಿ ಜಾಗಕ್ಕೂ ಬೇರೆ ಡಬ್ಬಿ, ಮೇಲೆ ಜಾಗದ ಹೆಸರು. ಫಾರ್ಮ್‌ನಲ್ಲಿ ‘ಮಾಯದ ಹುಣ್ಣು’ ಅಂತಷ್ಟೇ ಬರೀತಾರೆ, ಅದೇ ತಲೆನೋವು. ‘ಹಳೇ ಸುಟ್ಟ ಕಲೆ, ಕ್ಯಾನ್ಸರ್ ಶಂಕೆ’ ಅಂತ ಬರೆಸಿ. ಇಷ್ಟಾಗಿಯೂ ನೆಗೆಟಿವ್ ಬಂದು ಹುಣ್ಣು ಬೆಳೀತಾನೇ ಇದ್ದರೆ ಮತ್ತೊಮ್ಮೆ ತೆಗೆಯಲೇಬೇಕು.

ಸರ್ಜರಿ, ಪುಣೆ:
ತೊಡೆಸಂದಿನ ಗಂಟು ಕ್ಯಾನ್ಸರ್ ಹರಡಿಯೂ ಬರಬಹುದು, ಸೋಂಕಿನಿಂದಲೂ ಬರುತ್ತೆ, ಕೈಯಲ್ಲಿ ಮುಟ್ಟಿ ತೀರ್ಮಾನ ಮಾಡೋದಲ್ಲ. ಸೋನೋಗ್ರಫಿ ನೋಡಿಕೊಂಡು ಸೂಜಿ ಪರೀಕ್ಷೆ ಮಾಡಿಸಿ. ಮೊಣಕಾಲ ಹಿಂದಿನ ದುಗ್ಧಗ್ರಂಥಿಗಳನ್ನೂ ನೋಡಲಿ, ಅದನ್ನ ಎಷ್ಟೋ ಜನ ಮರೀತಾರೆ. ಮೂಳೆಗೆ ಎಕ್ಸ್-ರೇ, ಆಳ ತಿಳಿಯಲು ಎಂಆರ್‌ಐ. ಕ್ಯಾನ್ಸರ್ ಖಚಿತವಾದರೆ ಸಾಮಾನ್ಯವಾಗಿ ಸುತ್ತ 2 ಸೆಂ.ಮೀ.ನಷ್ಟು ಒಳ್ಳೆ ಚರ್ಮವನ್ನೂ ಸೇರಿಸಿ ತೆಗೆದು, ಕಸಿ ಅಥವಾ ಫ್ಲ್ಯಾಪ್ (ರಕ್ತ ಸಂಚಾರ ಇರುವ ಚರ್ಮ-ಮಾಂಸದ ತುಂಡು) ಹಾಕ್ತಾರೆ. ಮೂಳೆ, ಕೀಲು ಹಿಡಿದಿದ್ದರೆ ಕಾಲು ಉಳಿಸೋದು ಕಷ್ಟ.

ಡ್ರೆಸ್ಸಿಂಗ್‌ರೂಮ್, ಡೊಂಬಿವಲಿ:
ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸೋದಾದರೆ ಈ ಹಳೇ ಬಯಾಪ್ಸಿ ಬಿಸಾಕಬಹುದಾ?

ಪೆಥಾಲಜಿ, ಪರೇಲ್:
ಬೇಡ. ಬರೀ ರಿಪೋರ್ಟ್ ಸಾಲದು, ಲ್ಯಾಬಿನಿಂದ ಸ್ಲೈಡು, ಪ್ಯಾರಾಫಿನ್ ಬ್ಲಾಕು (ಚೂರನ್ನ ಮೇಣದಲ್ಲಿ ಹುದುಗಿಸಿಟ್ಟದ್ದು) ಎರಡನ್ನೂ ಕೇಳಿ ಇಸ್ಕೊಂಡು ಹೋಗಲಿ. ಬ್ಲಾಕ್ ಇದ್ದರೆ ಇನ್ನೂ ಆಳಕ್ಕೆ ಕತ್ತರಿಸಿ ನೋಡಬಹುದು.